ಸೋಮವಾರ ತಡೆದ ಕೂಗು

ಆ ನಮೂನೆಯನ್ನು ತುಂಬಲು ದಾನೇಶ್ವರಿ ಹೊಂಬಳ ತೆಗೆದುಕೊಂಡದ್ದು ಇಪ್ಪತ್ತೆರಡು ಸೆಕೆಂಡು. ಇದು ಅವಳ ಅಂದಾಜಲ್ಲ. ನಮೂನೆ ತೆರೆದ ಕ್ಷಣವನ್ನೂ ಮುಚ್ಚಿದ ಕ್ಷಣವನ್ನೂ ಗಣಕ ದಾಖಲಿಸಿಕೊಂಡಿತ್ತು. ಹಾಗೆ ದಾಖಲಿಸಲೇಬೇಕೆಂದು ಹಟ ಹಿಡಿದಿದ್ದವಳೂ ಅವಳೇ. ಮೇ ತಿಂಗಳ ಒಂದು ಮಧ್ಯಾಹ್ನ, ಹುಬ್ಬಳ್ಳಿಯ ಕರುಳ ಕಾವಲು ಕೇಂದ್ರದ ತನ್ನ ಮೇಜಿನ ಮುಂದೆ ಕುಳಿತು ಅವಳು ದೊಡ್ಡವ್ವನ ಹೆಸರು ತೆರೆದಿದ್ದಳು. 'ಉಪವಾಸದ ದಿನಗಳು' ಎಂಬ ಖಾನೆಯಲ್ಲಿ 'ಪ್ರತಿ ಸೋಮವಾರ' ಎಂದು ಬರೆದಿದ್ದಳು. 'ಮಾಹಿತಿ ನೀಡಿದವರು' ಎಂಬ ಖಾನೆಯಲ್ಲಿ ಮೊದಲೇ ಮೂಡಿದ್ದ 'ರೋಗಿ' ಎಂಬ ಪದವನ್ನು ಹಾಗೆಯೇ ಬಿಟ್ಟು ಮುಂದಿನ ಹೆಸರಿಗೆ ಹೋಗಿದ್ದಳು.

ಆಗಸ್ಟ್ ತಿಂಗಳ ಈ ಮಂಗಳವಾರ, ಮಧ್ಯಾಹ್ನ ಹನ್ನೆರಡು ಗಂಟೆಗೆ, ಅದೇ ಹೆಸರು ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಕೆಂಪಾಗಿ ಬೆಳಗಿತು. ನೀಲಗಂಗವ್ವ, ವಯಸ್ಸು ಅರವತ್ತೆಂಟು, ಗದಗ. ಅದರ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ: 'ಎಚ್ಚರಿಕೆ ತಡೆದ ಅವಧಿ, ಇಪ್ಪತ್ತೊಂಬತ್ತು ಗಂಟೆ.'

"ಮೇಡಂ, ಇದು ನಿಮ್ಮ ದೊಡ್ಡವ್ವನ ಹೆಸರಲ್ಲೇನ್ರಿ?" ಎಂದ ಪಕ್ಕದ ಕುರ್ಚಿಯ ರೆಹಮಾನ್ ನದಾಫ್. ಎಂದಿನ ನಗೆ ಅವನ ದನಿಯಲ್ಲಿರಲಿಲ್ಲ.

ದಾನೇಶ್ವರಿ ಫೋನೆತ್ತುವ ಮೊದಲೇ ಅದು ಬಡಿದುಕೊಂಡಿತು. ಆ ಕಡೆ ದೊಡ್ಡವ್ವನ ಖಾನಾವಳಿಯಲ್ಲಿ ಕೆಲಸ ಮಾಡುವ ಕಲ್ಲವ್ವ. "ದಾನವ್ವಾ, ನಿಮ್ಮ ದೊಡ್ಡವ್ವ ಬಚ್ಚಲದಾಗ ಬಿದ್ದಾಳ. ನಿನ್ನೆಯಿಂದ ಹೊಟ್ಟಿ ಕೆಟ್ಟಿತ್ತಂತ, ಒಬ್ರಿಗೂ ಹೇಳಿಲ್ಲ ನೋಡು. ದವಾಖಾನಿಗೆ ಒಯ್ದೀವಿ. ಲಗೂನ ಬಾ."

ಕರುಳ ಕಾವಲು ಕೇಂದ್ರದ ಕೆಲಸವನ್ನು ಹೊಸಬರಿಗೆ ವಿವರಿಸುವಾಗ ದಾನೇಶ್ವರಿ ಒಂದು ಊರಿನ ಚಿತ್ರ ಕೊಡುತ್ತಿದ್ದಳು. ಆರೋಗ್ಯವಂತರ ದೊಡ್ಡ ಕರುಳು ತುಂಬಿ ತುಳುಕುವ ಊರು. ಕೋಟ್ಯಂತರ ಜೀವಾಣುಗಳು ಅಲ್ಲಿ ಮನೆ ಮಾಡಿಕೊಂಡಿರುತ್ತವೆ. ಹೊರಗಿನ ದುಷ್ಟನಿಗೆ ಕಾಲೂರಲು ಜಾಗವಿರುವುದಿಲ್ಲ. ಮೂತ್ರಪಿಂಡ ಸೋತವರಲ್ಲಿ ಹೀಗಲ್ಲ. ಮೂತ್ರದಲ್ಲಿ ಹೋಗಬೇಕಾದ ಯೂರಿಯಾ ರಕ್ತದಲ್ಲಿ ಉಳಿದು ಕರುಳಿಗೆ ಜಿನುಗುತ್ತದೆ, ಅಲ್ಲಿ ಅಮೋನಿಯಾ ಆಗಿ ಒಳಗೋಡೆಯನ್ನು ಸುಡುತ್ತದೆ. ಪೊಟ್ಯಾಸಿಯಂ ಏರೀತೆಂಬ ಭಯಕ್ಕೆ ಹಣ್ಣು, ಸೊಪ್ಪು ಬಿಟ್ಟವರಿಗೆ ನಾರಿನಂಶ ಸಿಗುವುದಿಲ್ಲ, ನಾರನ್ನೇ ನಂಬಿದ ಒಳ್ಳೆಯ ಜೀವಾಣುಗಳು ಸಾಯುತ್ತವೆ. ಡಯಾಲಿಸಿಸ್‌ನ ಕೊಳವೆಯಿಂದ ಆಗಾಗ ಬರುವ ಸೋಂಕುಗಳಿಗೆ ಕೊಡುವ ಪ್ರತಿಜೈವಿಕ ಔಷಧಗಳು ಉಳಿದವನ್ನೂ ಗುಡಿಸಿಹಾಕುತ್ತವೆ. ಹಾಗೆ ಖಾಲಿಯಾದ ಊರಿಗೆ ಕ್ಲಾಸ್ಟ್ರಿಡಿಯಂ ಎಂಬ ಜೀವಾಣು ಬಂದು ನೆಲೆಸಿ, ವಿಷ ಉಗುಳತೊಡಗುತ್ತದೆ. ಆರಂಭದಲ್ಲೇ ತಿಳಿದರೆ ಮಾತ್ರೆಯಲ್ಲಿ ಮುಗಿಯುವ ರೋಗ, ಒಂದು ದಿನ ತಡವಾದರೆ ಇಂಥ ರೋಗಿಗಳಲ್ಲಿ ಕರುಳನ್ನೇ ಕೊಳೆಸಿಬಿಡಬಲ್ಲದು.

ಈ ಊರಿಗೊಬ್ಬ ಕಾವಲುಗಾರನನ್ನು ಇಟ್ಟರೆ ಹೇಗೆ? ಕೇಂದ್ರ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ. ಪ್ರಯೋಗಾಲಯದಲ್ಲಿ ತಿದ್ದಿದ ಒಂದು ನಿರುಪದ್ರವಿ ಜೀವಾಣುವನ್ನು ರೋಗಿಗಳಿಗೆ ಗುಳಿಗೆಯಲ್ಲಿ ನುಂಗಿಸಲಾಯಿತು. ಕರುಳಿಗೆ ಜಿನುಗುವ ಯೂರಿಯಾವನ್ನೇ ಬಳಸಿಕೊಂಡು, ಊಟದ ನಾರಿನಿಂದ ಶಕ್ತಿ ಪಡೆದು ಅದು ಬದುಕುತ್ತಿತ್ತು. ಕ್ಲಾಸ್ಟ್ರಿಡಿಯಂನ ವಿಷ ಸೋಕಿದೊಡನೆ, ಮನುಷ್ಯದೇಹದಲ್ಲಿ ಬೇರೆಲ್ಲೂ ಇರದ ಒಂದು ಅನಿಲವನ್ನು ಬಿಡುತ್ತಿತ್ತು. ಆ ಅನಿಲ ರಕ್ತ ಸೇರಿ ಉಸಿರಿನಲ್ಲಿ ಹೊರಬರುತ್ತಿತ್ತು. ರೋಗಿಗಳು ಮಾಡಬೇಕಾದದ್ದು ಇಷ್ಟೇ: ಬೆಳಿಗ್ಗೆ ಸಂಜೆ ಕೈಯಗಲದ ಉಸಿರುಮಾಪಕಕ್ಕೆ ಒಮ್ಮೆ ಊದುವುದು. ಹಸಿರು ದೀಪ ಹೊತ್ತಿದರೆ ಕ್ಷೇಮ. ಕೆಂಪು ಹೊತ್ತಿದರೆ ಕೇಂದ್ರದಿಂದಲೇ ಫೋನು, ಹಿಂದೆಯೇ ಆಂಬುಲೆನ್ಸು.

ಮೊದಲ ಶಿವರಾತ್ರಿಯ ಸಂಜೆ ಕೇಂದ್ರದ ಪರದೆ ಇಡಿಯಾಗಿ ಕೆಂಪಾಯಿತು. ನಾನೂರ ಹನ್ನೆರಡು ಎಚ್ಚರಿಕೆಗಳು.

"ಏನ್ರಿ ಇದು, ಇಡೀ ಸೀಮಿಗೆ ಒಮ್ಮೆಲೆ ಬ್ಯಾನಿ ಬಡೀತೇನು?" ಎಂದು ನದಾಫ್ ಎದ್ದು ನಿಂತಿದ್ದ. ಫೋನೆತ್ತಿದ ಮೊದಲ ರೋಗಿ ಗದರಿದ್ದಳು: "ನಂಗೇನಾಗೈತ್ರಿ? ಶಿವರಾತ್ರಿ ಉಪಾಸ ಅದೀನಿ. ಪೂಜಿಗೆ ಕುಂತಾಗ ಯಾಕ ಫೋನ್ ಹಚ್ಚೀರಿ?"

ಕಳ್ಳ ಬಂದಾಗ ಕೂಗಬೇಕಾದ ಕಾವಲುಗಾರ ಊಟದ ನಾರು ಸಿಗದೆ ಹಸಿವಾದಾಗಲೂ ಅದೇ ದನಿಯಲ್ಲಿ ಕೂಗುತ್ತಿದ್ದ. ಅದು ತಿಳಿಯುವ ಹೊತ್ತಿಗೆ ರೋಗವೇ ಇಲ್ಲದ ಮೂವತ್ತೊಂಬತ್ತು ಜನರಿಗೆ ಔಷಧ ಹೋಗಿತ್ತು, ಅವರಲ್ಲಿ ಇಬ್ಬರು ಆ ಔಷಧದಿಂದಲೇ ನಿಜವಾಗಿ ಕಾಯಿಲೆ ಬಿದ್ದಿದ್ದರು. ಎರಡು ತಿಂಗಳು ಕುಳಿತು ದಾನೇಶ್ವರಿ ಒಂದು ಪರಿಹಾರ ಬರೆದಳು. ಪ್ರತಿ ರೋಗಿಯ ಉಪವಾಸದ ದಿನಗಳನ್ನು ಮೊದಲೇ ಕೇಳಿ ಬರೆದಿಡುವುದು. ಆ ದಿನಗಳಲ್ಲಿ, ಹಸಿವಿನ ಮಟ್ಟದೊಳಗೆ ಬಂದ ಕೂಗನ್ನು ಮರುದಿನ ಮಧ್ಯಾಹ್ನದವರೆಗೆ ತಡೆಯುವುದು. ರೋಗಿ ಗಾಬರಿಯಾಗದಂತೆ ಅಷ್ಟು ಹೊತ್ತು ಹಸಿರು ದೀಪವನ್ನೇ ತೋರಿಸುವುದು.

"ನಮ್ಮ ರಮಜಾನದಾಗ ಏನ್ ಮಾಡ್ತೀರಿ?" ಎಂದು ನದಾಫ್ ಕೆಣಕಿದ್ದ. "ಇಡೀ ತಿಂಗಳ ನಿಮ್ಮ ಕಾವಲುಗಾರಗ ಸೂಟಿ ಕೊಡ್ತೀರೇನು?"

"ಅದಕ್ಕೂ ಲೆಕ್ಕ ಹಾಕೀನಿ. ದಿನಾ ಇಫ್ತಾರ್ ಆಗಿ ಮೂರು ತಾಸಿಗೆ ಬಿಡುಗಡಿ."

"ಭಾಳ ಶಾಣ್ಯಾರದೀರಿ ಬಿಡ್ರಿ."

ನಿಯಮಾವಳಿಯ ಮೊದಲ ಸಾಲನ್ನು ಅವಳು ದಪ್ಪ ಅಕ್ಷರಗಳಲ್ಲಿ ಬರೆದಿದ್ದಳು: 'ಈ ನಮೂನೆಯನ್ನು ರೋಗಿಯನ್ನು ಕೇಳಿಯೇ ತುಂಬತಕ್ಕದ್ದು.'

ದೊಡ್ಡವ್ವನನ್ನು ಅವಳು ಕೇಳಿರಲಿಲ್ಲ. ಕೇಳುವ ಅಗತ್ಯವೇ ಕಂಡಿರಲಿಲ್ಲ. ತಾಯಿ ಸತ್ತಾಗ ದಾನೇಶ್ವರಿಗೆ ನಾಲ್ಕು ವರ್ಷ. ಅಂದಿನಿಂದ ಅವಳು ಬೆಳೆದದ್ದು ಗದಗಿನ ಸ್ಟೇಷನ್ ರಸ್ತೆಯಲ್ಲಿ, ತಾಯಿಯ ಅಕ್ಕ ನೀಲಗಂಗವ್ವ ನಡೆಸುತ್ತಿದ್ದ ಖಾನಾವಳಿಯ ಹಿಂದಿನ ಎರಡು ಕೋಣೆಗಳಲ್ಲಿ. ಸೋಮವಾರಗಳಂದು ದೊಡ್ಡವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಪಲ್ಯ ಕುದಿಸಿ, ನೂರಾರು ಜನರಿಗೆ ಬಡಿಸುತ್ತಿದ್ದಳು. ಒಂದು ತುತ್ತು ತನ್ನ ಬಾಯಿಗಿಡುತ್ತಿರಲಿಲ್ಲ. ಬಾಗಿಲಿಗೆ ಬಂದವರನ್ನೆಲ್ಲ "ಊಟ ಆತೇನು?" ಎಂದು ಕೇಳುತ್ತಿದ್ದ ಆ ಹೆಂಗಸು ಮಂಗಳವಾರ ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆಯೇ ಉಣ್ಣುತ್ತಿದ್ದಳು.

ಯುಗಾದಿಗೆ ಊರಿಗೆ ಹೋದಾಗ ದಾನೇಶ್ವರಿ ಈ ಮಾತು ತೆಗೆದಿದ್ದಳು. ದೊಡ್ಡವ್ವನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಗಿ ಒಂದು ವರ್ಷವಾಗಿತ್ತು.

"ದೊಡ್ಡವ್ವ, ಸೋಮವಾರದ ಉಪಾಸ ಇನ್ನ ಬಿಡು. ಮೈಯಾಗ ಮೊದಲ ಕಸುವಿಲ್ಲ. ಹೊಟ್ಟಿ ಖಾಲಿ ಇದ್ರ ಒಳಗಿನ ಒಳ್ಳೇ ಜೀವಾಣುನೂ ಸಾಯ್ತಾವು."

"ಮೂವತ್ತೊಂದು ವರ್ಷದ ನೇಮ ಅದು. ನಿನಗಿಂತ ವಯಸ್ಸಿನಾಗ ದೊಡ್ಡದೈತಿ. ಅದಕ್ಕ ಮರ್ಯಾದಿ ಕೊಟ್ಟು ಮಾತಾಡು," ಎಂದು ದೊಡ್ಡವ್ವ ನಕ್ಕಿದ್ದಳು.

"ನಾ ಹೇಳಿದ್ದು ಕೇಳೂದಿಲ್ಲ ನೀ."

"ನೀ ಹೇಳು. ಕೇಳೂದು ಬಿಡೂದು ನಂದು."

ಆ ನಗು ನೋಡಿ ದಾನೇಶ್ವರಿ ತೀರ್ಮಾನಿಸಿದ್ದಳು: ಈಕೆ ಕೇಳುವವಳಲ್ಲ. ಆ ತೀರ್ಮಾನವೇ ಎರಡು ತಿಂಗಳ ಮೇಲೆ ನಮೂನೆಯ ಖಾನೆಯಲ್ಲಿ ಎರಡು ಪದವಾಯಿತು.

ಗದಗಿನ ಆಸ್ಪತ್ರೆಯಲ್ಲಿ ಅದೇ ಮಂಗಳವಾರ ಸಂಜೆ ಶಸ್ತ್ರಚಿಕಿತ್ಸೆಯಾಯಿತು. ನೀಲಗಂಗವ್ವನ ದೊಡ್ಡ ಕರುಳಿನ ಬಹುಭಾಗವನ್ನು ತೆಗೆದುಹಾಕಿ, ಹೊಟ್ಟೆಯ ಬಲಕ್ಕೆ ಒಂದು ಚೀಲ ಜೋಡಿಸಿದರು. ಬದುಕುವುದು ನಿಶ್ಚಯವಾಗಲು ಆರು ದಿನ ಹಿಡಿಯಿತು. ಅಷ್ಟೂ ದಿನ ದಾನೇಶ್ವರಿ ತೀವ್ರ ನಿಗಾ ಕೊಠಡಿಯ ಹೊರಗೆ ಕಾದಳು, ದೊಡ್ಡವ್ವನೊಡನೆ ಮಾತಿಗೆ ಅವಕಾಶ ಸಿಗಲಿಲ್ಲ. ಆ ಚೀಲ ಅಲ್ಲಿಂದ ಮುಂದೆ ಆಕೆಯ ಆಯುಷ್ಯದುದ್ದಕ್ಕೂ ಇರುವಂಥದು.

ಏಳನೆಯ ದಿನ ಕೇಂದ್ರದಲ್ಲಿ ವಿಚಾರಣೆ ನಡೆಯಿತು. ಇನ್ನೂ ಐದು ಜಿಲ್ಲೆಗಳಿಗೆ ಯೋಜನೆಯನ್ನು ವಿಸ್ತರಿಸುವ ಕಾಗದಗಳು ಸಹಿಗಾಗಿ ಕಾದಿದ್ದ ವಾರ ಅದು. ಮುಖ್ಯಸ್ಥೆ ಡಾ. ಅನಸೂಯಾ ದೀಕ್ಷಿತ್ ದಾಖಲೆಯನ್ನು ಎರಡು ಸಲ ಓದಿದರು.

"ಪೇಷಂಟ್ ಪ್ರತಿ ಸೋಮವಾರ ಉಪವಾಸ ಅಂತ ಹೇಳ್ಯಾರ. ಆದ್ರ ಆಸ್ಪತ್ರೆಯವರ ವರದಿ ಪ್ರಕಾರ ಸೋಮವಾರ ಊಟ ಮಾಡ್ಯಾರ. ಅಂದ್ರ ಆ ಕೂಗು ಹಸಿವಿಂದಲ್ಲ, ರೋಗದ್ದ. ತಪ್ಪು ಮಾಹಿತಿ ಕೊಟ್ಟವರು ಪೇಷಂಟ್." ಕನ್ನಡಕ ತೆಗೆದು ದಾನೇಶ್ವರಿಯ ಕಡೆ ತಿರುಗಿದರು. "ನಿಮ್ಮ ಮನಿಯವರು, ನನಗ ಗೊತ್ತದ. ಭಾಳ ಕೆಟ್ಟ ಅನಸ್ತದ. ಆದ್ರ ಕೆಲಸದ ಮಾತು ಕೇಳ್ತೀನಿ. ನಿಯಮದಾಗ ತಪ್ಪು ಅದ ಏನು?"

ದಾನೇಶ್ವರಿಯ ಮುಂದೆ ಅದೇ ಹಾಳೆಯ ಇನ್ನೊಂದು ಪ್ರತಿ ಇತ್ತು. 'ಮಾಹಿತಿ ನೀಡಿದವರು: ರೋಗಿ.' ಸೋಮವಾರ ಊಟ ಮಾಡಿದ್ದಾರೆ ಎಂಬ ಮಾತು ಅವಳ ಕಿವಿಗೆ ಈಗಷ್ಟೇ ಬಿದ್ದಿತ್ತು. ಯಾಕೆ ಉಂಡಳು, ಎಂದಿನಿಂದ ಉಣ್ಣುತ್ತಿದ್ದಾಳೆ, ಒಂದೂ ಅವಳಿಗೆ ತಿಳಿದಿರಲಿಲ್ಲ. ಎಲ್ಲರೂ ಅವಳ ಉತ್ತರಕ್ಕೆ ಕಾಯುತ್ತಿದ್ದರು.

"ನಿಯಮ ಸರಿಯಾಗಿದೆ, ಮೇಡಂ," ಎಂದಳು.

ಆ ವಾಕ್ಯದಲ್ಲಿ ಸುಳ್ಳಿರಲಿಲ್ಲ. ನಿಯಮ ನಿಜಕ್ಕೂ ಸರಿಯಾಗಿತ್ತು. ಮುರಿದವಳ ಹೆಸರನ್ನು ಯಾರೂ ಕೇಳಿರಲಿಲ್ಲ. ಗದಗಿನ ರೈಲಿನಲ್ಲಿ ಕುಳಿತಾಗ ಅವಳಿಗೆ ತಿಳಿದದ್ದು: ಇಷ್ಟು ನಿಖರವಾಗಿ ಕಟ್ಟಿದ ವಾಕ್ಯವನ್ನು ಅವಳು ಹಿಂದೆಂದೂ ಆಡಿರಲಿಲ್ಲ.

ವಾರ್ಡಿನಲ್ಲಿ ದೊಡ್ಡವ್ವ ಗೋಡೆಗೆ ದಿಂಬು ಆನಿಸಿ ಒರಗಿದ್ದಳು. ಮುಖ ಅರ್ಧವಾಗಿತ್ತು. ಸೊಸೆಯಂತೆ ಆರೈಕೆಗೆ ನಿಂತಿದ್ದ ಕಲ್ಲವ್ವನನ್ನು ಚಹಾಕ್ಕೆಂದು ಹೊರಗೆ ಕಳಿಸಿ, ದಾನೇಶ್ವರಿಯನ್ನು ನೋಡಿದವಳೇ ಕೇಳಿದಳು: "ಊಟ ಆತೇನು?"

"ಆತು," ಎಂದಳು ದಾನೇಶ್ವರಿ. ಆಗಿರಲಿಲ್ಲ.

"ಸನೇಕ ಬಾ. ಒಂದು ಮಾತು ಹೇಳೂದೈತಿ. ಕಲ್ಲವ್ವಗ ಗೊತ್ತಾಗೂದು ಬ್ಯಾಡ, ಊರೆಲ್ಲಾ ಡಂಗುರ ಹೊಡೀತಾಳ." ದೊಡ್ಡವ್ವ ಚಾದರದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಾ ನೇಮ ಮುರದೀನಿ, ದಾನೂ."

"ಯಾವಾಗಿಂದ?"

"ನೀ ಯುಗಾದಿಗೆ ಬಂದು ಹೇಳಿ ಹೋದಿ ನೋಡು, ಅದರ ಮರು ಸೋಮವಾರದಿಂದ. ಅರ್ಧ ರೊಟ್ಟಿ, ಒಂದೀಟು ಹೀರೀಕಾಯಿ ಪಲ್ಯ. ಹಿಂದಿನ ಖೋಲಿ ಬಾಗಲಾ ಮುಂದ ಮಾಡ್ಕೊಂಡು ತಿಂತಿದ್ದೆ, ಕದ್ದ ತಿಂದಂಗ. ಮೊದಲನೇ ಸಲ ಗಂಟಲದಾಗ ಇಳೀಲಿಲ್ಲ. ನಿನ್ನ ನೆನಿಸಿಕೊಂಡು ನುಂಗಿದೆ."

ದಾನೇಶ್ವರಿ ಮನಸ್ಸಿನಲ್ಲೇ ಯುಗಾದಿಯಿಂದ ಮೇ ತಿಂಗಳವರೆಗಿನ ಸೋಮವಾರಗಳನ್ನು ಎಣಿಸಿದಳು. "ನಂಗ ಯಾಕ ಹೇಳಲಿಲ್ಲ ದೊಡ್ಡವ್ವ?"

"ಹೇಳಿದಾಕಿನ ನೀನು. ನಿನಗೇನ್ ತಿರುಗಿ ಹೇಳೂದು? ಓದಿದ ಹುಡುಗಿ, ನನ್ನ ಹೊಟ್ಟಿ ಒಳಗಿಂದು ನನಗಿಂತ ಚಲೋ ಗೊತ್ತು ನಿನಗ." ದನಿ ಇಳಿಸಿದಳು. "ಆದ್ರ ಶ್ರಾವಣ ಸೋಮವಾರನೂ ಉಂಡೆ. ಅಲ್ಲಿ ತಪ್ಪಿದೆ. ಅವತ್ತ ನಸಿಕಿನ್ಯಾಗ ಉಂಡ ಮ್ಯಾಲ ಹೊಟ್ಟಿ ಕೆಡ್ತು. ಊದಿ ನೋಡಿದೆ, ನಿನ್ನ ಡಬ್ಬಿ ಹಸರ ದೀಪ ತೋರಿಸ್ತು. ಹಂಗಾರ ಬ್ಯಾನಿ ಅಲ್ಲ ಇದು, ಮಲ್ಲಯ್ಯನ ಸಿಟ್ಟು ಅನ್ಕೊಂಡೆ. ದೇವರ ಸಿಟ್ಟಿಗೆ ಯಾರಿಗೆ ಫೋನ್ ಹಚ್ಚೂದು? ಸುಮ್ನ ಮಲಕೊಂಡೆ. ಸಂಜೀಕ ಮತ್ತ ಊದಿದೆ, ಮತ್ತ ಹಸರ. ಅವ ನನ್ನ ಹೊಟ್ಟಿ ಕಿತಕೊಂಡ, ದಾನೂ. ತಪ್ಪು ನಂದ ಐತಿ. ಅವಗ ಯಾಕ ಅನ್ನೂದು?"

ಇಲ್ಲಿ ಸುಮ್ಮನಿದ್ದರೆ ಸಾಕಿತ್ತು. ದಾಖಲೆಯೂ ರೋಗಿಯದೇ ತಪ್ಪೆನ್ನುತ್ತಿತ್ತು, ರೋಗಿಯೂ ಅದನ್ನೇ ಹೇಳುತ್ತಿದ್ದಳು. ಎರಡೂ ಒಂದಕ್ಕೊಂದು ಕೂಡಿದ್ದವು. ದಾನೇಶ್ವರಿಯ ಲೆಕ್ಕದಲ್ಲಿ ಇಷ್ಟು ಚೆನ್ನಾಗಿ ಕೂಡಿದ ಸಾಲು ಯಾವತ್ತೂ ಸರಿಯಾಗಿರುತ್ತಿತ್ತು.

"ಮಲ್ಲಯ್ಯನ ಸಿಟ್ಟಲ್ಲ ಅದು," ಎಂದಳು. "ಡಬ್ಬಿಗೆ ಗೊತ್ತಾಗಿತ್ತು ದೊಡ್ಡವ್ವ. ಸೋಮವಾರ ಮುಂಜಾನೆ ಏಳು ಗಂಟೇಕ ನೀ ಊದಿದಾಗನ ಗೊತ್ತಾಗಿತ್ತು. ಅದು ಕೂಗಿತ್ತು. ನಾವು ತಡದಿವಿ."

"ತಡದ್ರಿ? ಯಾಕ?"

"ನೀ ಉಪಾಸ ಅದಿ, ಹಸಿವಿಗೆ ಕೂಗಾಕತ್ತೈತಿ ಅಂತ. ನೀ ಸೋಮವಾರ ಉಣ್ಣೂದಿಲ್ಲ ಅಂತ ಬರೆದಿತ್ತು."

"ಯಾರು ಬರದ್ರು? ನಾ ಹೇಳಿಲ್ಲ."

"ನಾನು. ನಾನ ಬರದೆ. ನಿನ್ನ ಕೇಳದ ಬರದೆ. ಹೇಳಿದಾಕಿ ನೀ ಅಂತ ದಾಖಲೆದಾಗ ಬಿಟ್ಟೆ. ಆ ಹಸರ ದೀಪಾನೂ ನಾನ ಇಟ್ಟಿದ್ದು. ನಾ ಹೇಳಿದ್ದು ನೀ ಕೇಳ್ತೀ ಅಂತ ನಂಗ ಅನಸಲಿಲ್ಲ."

ಪಕ್ಕದ ಮಂಚದ ರೋಗಿಗೆ ಯಾರೋ ಮೂಸಂಬಿ ಸುಲಿಯುತ್ತಿದ್ದರು. ದೊಡ್ಡವ್ವನ ಕೈ ಚಾದರದ ಕೆಳಗೆ ಹೋಗಿ ಹೊಟ್ಟೆಯ ಚೀಲವನ್ನು ಮುಟ್ಟಿ, ಹಿಂದಕ್ಕೆ ಬಂತು.

"ಮಲ್ಲಯ್ಯಂದೇನೂ ಇಲ್ಲ ಹಂಗಾರ," ಎಂದಳು. ಆ ಮಾತಿನಲ್ಲಿ ಸಮಾಧಾನವಿತ್ತೋ, ಇನ್ನೊಂದು ಬಗೆಯ ದುಃಖವಿತ್ತೋ ದಾನೇಶ್ವರಿಗೆ ತಿಳಿಯಲಿಲ್ಲ. "ಇಷ್ಟು ವರ್ಷ ಖಾನಾವಳಿ ನಡೆಸೀನಿ. ದಿನಾ ಬರೋರನ್ನೂ ದಿನಾ ಕೇಳೀನಿ, ಊಟ ಆತೇನಂತ. ಮಾರಿ ನೋಡಿದ್ರ ಗೊತ್ತಾಗತಿತ್ತು, ಆದ್ರೂ ಕೇಳೀನಿ. ನನ್ನ ಕೈಯಾಗ ಬೆಳದಾಕಿ ನೀನು. ಒಂದು ಸಲ ಫೋನ್ ಹಚ್ಚಿ ಕೇಳಾಕ ಏನಾಗಿತ್ತು?"

"ತಪ್ಪಾತು ದೊಡ್ಡವ್ವ."

"ಹೂಂ. ಆಗೈತಿ." ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ಈಗ ಹೋಗು. ಸಿಟ್ಟಿಲ್ಲ ಅಂತ ಹೇಳಾಕ ಬರೂದಿಲ್ಲ ನಂಗ. ಇನ್ನೊಂದ ದಿನ ಬಾ."

ಮರುದಿನ ಬೆಳಿಗ್ಗೆ ದಾನೇಶ್ವರಿ ಡಾ. ದೀಕ್ಷಿತ್ ಅವರ ಮೇಜಿನ ಮೇಲೆ ಎರಡು ಪುಟದ ಹೇಳಿಕೆ ಇಟ್ಟಳು. ಇಪ್ಪತ್ತೆರಡು ಸೆಕೆಂಡುಗಳ ದಾಖಲೆಯನ್ನೂ ಲಗತ್ತಿಸಿದ್ದಳು.

ಅವರು ಓದಿ ಮುಗಿಸುವವರೆಗೆ ತಲೆಯೆತ್ತಲಿಲ್ಲ. "ನಿನ್ನೆ ಕೇಳಿದಾಗ ಯಾಕ ಹೇಳಲಿಲ್ಲ?"

"ನಿನ್ನೆ ನೀವು ನಿಯಮದ ಬಗ್ಗೆ ಕೇಳಿದಿರಿ. ನಾನು ಅದರ ಹಿಂದೆ ಅಡಗಿದೆ, ಮೇಡಂ. ಇನ್ನೊಂದು ವಿಷಯ. ಮೂವತ್ತು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ತುಂಬಿದ ನಮೂನೆಗಳು ಬೇರೆ ಇನ್ನೂರ ಎಪ್ಪತ್ತಿವೆ. ಅಷ್ಟರಲ್ಲಿ ಯಾರನ್ನೂ ಕೇಳಲು ಆಗುವುದಿಲ್ಲ."

ಆ ಇನ್ನೂರ ಎಪ್ಪತ್ತನ್ನು ಅವಳೂ ನದಾಫ್‌ನೂ ಹಂಚಿಕೊಂಡು ಒಂದೊಂದಾಗಿ ಪರಿಶೀಲಿಸಿದರು. ತುಂಬಿದವರು ಕೆಟ್ಟವರಲ್ಲ. ಡಯಾಲಿಸಿಸ್ ಕೇಂದ್ರಗಳ ನರ್ಸ್‌ಗಳು, ವರ್ಷಗಟ್ಟಲೆ ಅದೇ ರೋಗಿಗಳನ್ನು ಕಂಡವರು. "ಕೇಳೂದೇನೈತ್ರಿ ಅದ್ರಾಗ?" ಎಂದಳೊಬ್ಬಳು. "ವಿಭೂತಿ ನೋಡಿದ್ರ ಗೊತ್ತಾಗ್ತೈತಿ." ಅಡ್ಡಹೆಸರು ನೋಡಿ ಏಕಾದಶಿ, ಗಡ್ಡ ನೋಡಿ ರೋಜಾ, ಹಣೆ ನೋಡಿ ಸೋಮವಾರ. ಎಂಬತ್ತೆಂಟು ನಮೂನೆಗಳು ತಪ್ಪಿದ್ದವು.

"ನಮ್ಮಪ್ಪಂದೂ ಅದರಾಗ ಐತ್ರಿ ಮೇಡಂ," ಎಂದ ನದಾಫ್, ಪಟ್ಟಿಯ ಮೇಲೆ ಬೆರಳಿಟ್ಟು. "ಆತ ರೋಜಾ ಬಿಟ್ಟು ಎರಡು ವರ್ಷಾತು. ಡಾಕ್ಟ್ರು ಬ್ಯಾಡ ಅಂದಾರ. ನಾ ಇಲ್ಲೇ ಕುಂತು ದಿನಾ ನೋಡೀನಿ, ಕಂಡಿಲ್ಲ." ಆಮೇಲೆ ಆ ದಿನವೆಲ್ಲ ಅವನು ತಮಾಷೆ ಮಾಡಲಿಲ್ಲ.

ಐದು ಜಿಲ್ಲೆಗಳ ಕಾಗದಗಳು ಸಹಿಯಿಲ್ಲದೆ ಹಿಂದಕ್ಕೆ ಹೋದವು. ನಿಯಮ ಬರೆಯುವ ಕೆಲಸದಿಂದ ದಾನೇಶ್ವರಿಯನ್ನು ಒಂದು ವರ್ಷ ದೂರ ಇಟ್ಟರು. ಅವಳು ಆಕ್ಷೇಪಿಸಲಿಲ್ಲ. ಹೊಸ ನಿಯಮವನ್ನು ಬೇರೆಯವರು ಬರೆದರು: ಯಾವ ಕೂಗನ್ನೂ ಪಂಚಾಂಗ ನೋಡಿ ತಡೆಯುವಂತಿಲ್ಲ. ಸಂಶಯವಿದ್ದಾಗ ಹಳದಿ ದೀಪ ಹೊತ್ತಬೇಕು. ಕೇಂದ್ರದಿಂದ ಒಬ್ಬರು ಆ ಕ್ಷಣವೇ ಫೋನ್ ಮಾಡಿ ರೋಗಿಯನ್ನು ಕೇಳಬೇಕು. ಆ ಫೋನಿನ ಕೆಲಸವನ್ನು ದಾನೇಶ್ವರಿ ಕೇಳಿ ಪಡೆದಳು. ಕೇಳಬೇಕಾದ ಪ್ರಶ್ನೆ ಏನಿರಬೇಕೆಂದು ಸಮಿತಿ ಎರಡು ಸಭೆ ನಡೆಸಿ, 'ಕಳೆದ ಹನ್ನೆರಡು ಗಂಟೆಗಳಲ್ಲಿ ತಾವು ಘನ ಆಹಾರ ಸೇವಿಸಿದ್ದೀರಾ' ಎಂದು ಬರೆದುಕೊಟ್ಟಿತ್ತು. ಮೊದಲ ದಿನವೇ ಆ ಚೀಟಿ ಮೇಜಿನ ಖಾನೆ ಸೇರಿತು.

ಕಾರ್ತಿಕದ ಮೊದಲ ಸೋಮವಾರ. ಬೆಳಿಗ್ಗೆ ಹತ್ತರೊಳಗೆ ಅರವತ್ತು ಹಳದಿ ದೀಪಗಳಿದ್ದವು.

"ಊಟ ಆತೇನ್ರಿ, ಯಜಮಾನ್ರ?"

"ಇಲ್ರೀ ಯವ್ವಾ, ಸೋಮವಾರ ಒಪ್ಪತ್ತು."

"ಊಟ ಆತೇನ್ರಿ ಅಕ್ಕಾರ?"

"ಈಗರೆ ಉಪ್ಪಿಟ್ಟು ತಿಂದೆ. ಯಾಕ್ರಿ?"

ಎರಡನೆಯವಳ ಹೆಸರನ್ನು ಕೆಂಪು ಮಾಡಿ, ಆಂಬುಲೆನ್ಸಿಗೆ ಹೇಳಿ, ಮುಂದಿನ ಸಾಲಿಗೆ ಬಂದಾಗ ದಾನೇಶ್ವರಿಯ ಬೆರಳು ನಿಂತಿತು. ನೀಲಗಂಗವ್ವ, ಗದಗ. ದೀಪ ಹಸಿರಿತ್ತು. ನಿಯಮದ ಪ್ರಕಾರ ಕೇಳುವ ಅಗತ್ಯವಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದೊಡ್ಡವ್ವ ಎರಡು ಸಲ ಫೋನಿನಲ್ಲಿ ಮಾತಾಡಿದ್ದಳು, ಎರಡು ಸಲವೂ ಮಾತು ಔಷಧ ದಾಟಿರಲಿಲ್ಲ. ದಾನೇಶ್ವರಿ ಫೋನ್ ಹಚ್ಚಿದಳು.

"ಯಾರು?"

"ನಾನು, ದೊಡ್ಡವ್ವ. ದಾನು. ಊಟ ಆತೇನು?"

ಆ ಕಡೆ ಖಾನಾವಳಿಯ ಸದ್ದು ಕೇಳುತ್ತಿತ್ತು. ತಾಟು, ತಂಬಿಗೆ, ಯಾರಿಗೋ ಇನ್ನೊಂದು ರೊಟ್ಟಿ ಹಾಕಲು ಕಲ್ಲವ್ವ ಕೂಗುತ್ತಿರುವುದು.

"ಆತು," ಎಂದಳು ದೊಡ್ಡವ್ವ. "ಅರ್ಧ ರೊಟ್ಟಿ. ಬಾಗಲಾ ತೆಗೆದಿಟ್ಟು ಉಂಡೀನಿ. ಬರಕೋ. ಉಂಡೀನಿ ಅಂತ ಬರಕೋ."

ದಾನೇಶ್ವರಿ ಬರೆದುಕೊಂಡಳು. 'ಮಾಹಿತಿ ನೀಡಿದವರು' ಎಂಬ ಖಾನೆಗೆ ಬಂದಾಗ ಅಲ್ಲಿ ಈಗ ಯಾವ ಪದವೂ ಮೊದಲೇ ಮೂಡಿರಲಿಲ್ಲ. 'ರೋಗಿ' ಎಂದು ಒಂದೊಂದೇ ಅಕ್ಷರವಾಗಿ ಒತ್ತಿದಳು.

"ನಿಂದು?" ಎಂದು ಕೇಳಿತು ಫೋನು.

'ಆತು' ಎನ್ನಲು ಬಾಯಿ ತೆರೆದಿತ್ತು. ಮುಚ್ಚಿದಳು. ಶ್ರಾವಣದಿಂದೀಚೆ ಸೋಮವಾರಗಳಂದು ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

"ಇಲ್ಲ, ದೊಡ್ಡವ್ವ. ಇನ್ನೂ ಆಗಿಲ್ಲ."

ಆ ಕಡೆ ಒಂದು ಉಸಿರು ಹೊರಬಿತ್ತು. ಅದನ್ನು ಅಳೆಯುವ ಮಾಪಕ ಯಾವ ಕೇಂದ್ರದಲ್ಲೂ ಇರಲಿಲ್ಲ.

"ಫೋನ್ ಇಡು ಹಂಗಾರ. ಮೊದಲ ಉಣ್ಣು," ಎಂದಳು ನೀಲಗಂಗವ್ವ. "ಆಮ್ಯಾಲ ಉಳಿದವ್ರನ್ನ ಕೇಳು."